ಹೊಲದ ಜೀರುಂಡೆ, ಗದ್ದೆಯ ಜೀರುಂಡೆ

ಕೋಲಾರ ತಾಲ್ಲೂಕಿನ ನರಸಾಪುರದ ಕಡೆ ನಮ್ಮ ಚಿಕ್ಕಪ್ಪನ ಜಮೀನಿದೆ. ಮೇಲ್ಭಾಗ ಕೆಂಪುಮಣ್ಣಿನ ಕಡಲೆಕಾಯಿ ಹೊಲ. ಕೆಳಗೆ ಕೆರೆಯ ಅಚ್ಚುಕಟ್ಟಿನಲ್ಲಿ ಒಂದು ತುಂಡು ಗದ್ದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಈ ಭಾಗದ ಕೆರೆಗಳಿಗೆ ಹರಿಯತೊಡಗಿದ ಮೇಲೆ ಅವರು ಅಲ್ಲಿ ಮತ್ತೆ ಭತ್ತ ಬೆಳೆಯುತ್ತಿದ್ದಾರೆ.

ಮುಂಗಾರಿನಲ್ಲಿ ಒಂದು ಬೆಳಿಗ್ಗೆ ಹೊಲಕ್ಕೆ ಹೋದಾಗ ಕಡಲೆಕಾಯಿಯ ಎಳೆ ಪೈರು ಬುಡದಲ್ಲೇ ತುಂಡಾಗಿ ಬಿದ್ದಿತ್ತು. "ಇದು ದೊಡ್ಡ ಜೀರುಂಡೆ ಕೆಲಸ ಕಣಪ್ಪ, ರಾತ್ರಿ ಕತ್ತರಿಸಿ ಬಿಲಕ್ಕೆ ಎಳ್ಕೊಂಡು ಹೋಗ್ತದೆ" ಎಂದ ಚಿಕ್ಕಪ್ಪ, ಹೊಸ ಮಣ್ಣಿನ ಗುಪ್ಪೆಯೊಂದನ್ನು ಸರಿಸಿ ಬಿಲದೊಳಕ್ಕೆ ಕೊಡದಿಂದ ನೀರು ಸುರಿದರು. ಸ್ವಲ್ಪ ಹೊತ್ತಿನಲ್ಲಿ ಹೊರಬಂದದ್ದು ಕಂದುಬಣ್ಣದ, ದಪ್ಪ ತಲೆಯ, ಹೆಬ್ಬೆರಳಿನಷ್ಟು ದಪ್ಪನೆಯ ಹುಳು. ಟಾರ್ಬಿನ್ಸ್ಕಿಯೆಲ್ಲಸ್ ಪೋರ್ಟೆಂಟೋಸಸ್ ಎಂಬ ಈ ಜೀರುಂಡೆ ನಾಲ್ಕು ಸೆಂಟಿಮೀಟರಿಗೂ ಮೀರಿ ಬೆಳೆಯುತ್ತದೆ. ಬೆಳೆದ ಮೇಲೆ ಒಂದು ಬಿಲದಲ್ಲಿ ಒಂದೇ ವಾಸಿಸುತ್ತದೆ.

ಮಧ್ಯಾಹ್ನ ಗದ್ದೆಗೆ ನೀರು ಕಟ್ಟಿದಾಗ ಬದುವಿನಿಂದ ಇನ್ನೊಂದು ಜೀರುಂಡೆ ಹೊರಟು, ನೀರಿನ ಮೇಲೆ ಸಲೀಸಾಗಿ ಈಜಿತು. ಅದು ಗ್ರಿಲ್ಲೋಟಾಲ್ಪ ಕುಲದ್ದು; ಮೊದಲನೆಯದಕ್ಕಿಂತ ಚಿಕ್ಕದು, ಬೇರೆ ಕುಟುಂಬಕ್ಕೆ ಸೇರಿದ ದೂರದ ನಂಟ. ಇದರ ಮುಂಗಾಲುಗಳು ಸಲಿಕೆಯಂತೆ ಅಗಲವಾಗಿದ್ದು, ಅಂಚಿನಲ್ಲಿ ಗಟ್ಟಿ ಹಲ್ಲುಗಳಿವೆ. ಮುಷ್ಟಿಯಲ್ಲಿ ಹಿಡಿದಾಗ ಬೆರಳುಗಳ ಸಂದಿಯನ್ನು ಅದು ಅಗಲಿಸಿದ ಬಲ ಕಂಡು ನಾನು ಬೆರಗಾದೆ. ಹೊಲದ ಜೀರುಂಡೆಗೆ ಜಿಗಿಯಲು ದಪ್ಪ ಹಿಂಗಾಲುಗಳಿವೆ. ಮೆತ್ತನೆಯ ಒದ್ದೆ ಮಣ್ಣಿನ ಮೇಲ್ಪದರದಲ್ಲೇ ಸುರಂಗ ಕೊರೆಯುತ್ತಾ ಬದುಕುವ ಗದ್ದೆಯ ಜೀರುಂಡೆಗೆ ಜಿಗಿತದ ಅಗತ್ಯ ಅಷ್ಟಾಗಿ ಇಲ್ಲ.

ಎರಡರಲ್ಲೂ ಹೆಣ್ಣನ್ನು ಕರೆಯುವ ಗಂಡು ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ತೀಡಿಯೇ ಸದ್ದು ಹೊರಡಿಸುತ್ತದೆ; ಎರಡಕ್ಕೂ ಕಿವಿ ಇರುವುದು ಮುಂಗಾಲುಗಳಲ್ಲೇ. ಆದರೆ ಹೊಲದ್ದು ಕತ್ತಲಾದ ಮೇಲೆ ಬಿಲದ ಬಾಯಿಗೆ ಬಂದು ಕಿವಿ ಗಡಚಿಕ್ಕುವಂತೆ ಕೂಗಿದರೆ, ಗ್ರಿಲ್ಲೋಟಾಲ್ಪದ ಗಂಡು ಸುರಂಗದ ಬಾಯನ್ನೇ ಕಹಳೆಯ ಆಕಾರಕ್ಕೆ ತಿದ್ದಿ, ಒಳಗೆ ಕುಳಿತೇ ದನಿಯನ್ನು ಹಿಗ್ಗಿಸಿ ಹೊರಗೆ ಕಳಿಸುತ್ತದೆ. ಇದರ ಹೆಣ್ಣು ನೆಲದೊಳಗಿನ ಗೂಡಿನಲ್ಲಿ ಮೊಟ್ಟೆಯಿಟ್ಟು ಕಾಯುತ್ತದೆ ಎಂಬುದೂ ಸೇರಿ, ನನ್ನ ಮನಸ್ಸು ಗದ್ದೆಯ ಜೀರುಂಡೆಯ ಕಡೆಗೇ ಹೆಚ್ಚು ವಾಲುತ್ತದೆ.

ಹೊಲಕ್ಕೆಲ್ಲ ವಿಷ ಹಾಕುವ ಯೋಚನೆಯಲ್ಲಿದ್ದ ಚಿಕ್ಕಪ್ಪನನ್ನು ನಾನು ಬೇಡಿಕೊಂಡೆ. ಪೈರು ತುಂಡಾದ ಸಾಲುಗಳ ಪಕ್ಕದ ಬಿಲಗಳನ್ನಷ್ಟೇ ಹುಡುಕಿ, ಸಂಜೆಯವರೆಗೆ ಇಬ್ಬರೂ ನೀರು ಹೊತ್ತು ಸುರಿದೆವು.