ಗೋಡೆಯೊಳಗಿನ ಅಕ್ವೇರಿಯಂಗೆ ಕೊಳವೆಗಳ ನಕ್ಷೆ

ಮೈಸೂರಿನ ನಮ್ಮ ಮನೆಯ ಹಜಾರಕ್ಕೂ ಅದರ ಹಿಂದಿನ ಉಗ್ರಾಣಕ್ಕೂ ನಡುವೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಿದೆ. ಆ ಗೋಡೆಯಲ್ಲಿ ಕಿಂಡಿ ತೆಗೆದು, ಹಜಾರದಲ್ಲಿ ಕುಳಿತವರಿಗೆ ಗಾಜಿನ ಒಂದು ಮುಖವಷ್ಟೇ ಕಾಣುವಂತೆ ಉಪ್ಪುನೀರಿನ ಅಕ್ವೇರಿಯಂ ಕೂರಿಸುವುದೆಂದು ನಿರ್ಧಾರವಾದ ಮೇಲೆ, ಕೊಳವೆಗಳ ನಕ್ಷೆ ಮುಗಿಸಲು ಒಂದು ಭಾನುವಾರ ಪ್ಲಂಬರನ್ನು ಮನೆಗೆ ಕರೆದಿದ್ದೆ. ಮೀನು, ದೀಪ, ಬಂಡೆಗಳ ವಿಚಾರ ಆ ದಿನ ಬರಲೇ ಇಲ್ಲ. ನೀರು ಎಲ್ಲಿಂದ ಇಳಿಯಬೇಕು, ಯಾವ ದಾರಿಯಲ್ಲಿ ಏರಬೇಕು, ಕರೆಂಟು ಹೋದಾಗ ಎಲ್ಲಿ ಹೋಗಿ ನಿಲ್ಲಬೇಕು ಎಂಬುದರಲ್ಲೇ ಸಂಜೆಯಾಯಿತು.

ತೊಟ್ಟಿಯ ಅಳತೆ 150 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ. ಸಮುದ್ರದ ನೀರು ಲೀಟರಿಗೆ 1.025 ಕೆ.ಜಿ. ತೂಗುತ್ತದೆ, 12 ಮಿ.ಮೀ. ಗಾಜಿನ ತೂಕವೇ ನೂರು ಕೆ.ಜಿ. ಮುಟ್ಟುತ್ತದೆ; ಮರಳು, ಬಂಡೆ ಸೇರಿದರೆ ಒಟ್ಟು 650 ಕೆ.ಜಿ.ಗೆ ಕಡಿಮೆಯಾಗದು. ವಾಸದ ಕೋಣೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊರೆಯ ಲೆಕ್ಕದಲ್ಲಿ ಕಟ್ಟುತ್ತಾರೆ, ನಮ್ಮ ತೊಟ್ಟಿಯ ತಳವೋ ಒಂದು ಚದರ ಮೀಟರೂ ಇಲ್ಲ. ಹೀಗಾಗಿ ಮೇಲಿನ ಮಹಡಿಯ ಮಾತು ಮೊದಲೇ ಬಿದ್ದುಹೋಗಿತ್ತು. ನೆಲಮಹಡಿಯಲ್ಲಿಯೂ ತೊಟ್ಟಿ ಕೂರುವುದು ಗೋಡೆಯ ಮೇಲಲ್ಲ, ಉಗ್ರಾಣದ ನೆಲದ ಮೇಲೆ ನಿಂತ ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಗೋಡೆ ಅದಕ್ಕೆ ಚೌಕಟ್ಟು ಮಾತ್ರ, ಕಿಂಡಿಯ ಮೇಲಿನ ಇಟ್ಟಿಗೆಯನ್ನು ಹೊರುವ ಕೆಲಸ ಹೊಸ ಲಿಂಟಲ್‌ನದು.

ಪ್ಲಂಬರ್ ಬಂದವರೇ ಗೋಡೆಯನ್ನು ಬೆರಳಿನಿಂದ ತಟ್ಟಿ, ಎಲ್ಲಿ ಕಾಲುವೆಯಂತೆ ಕೊರೆದು ಕೊಳವೆ ಹುದುಗಿಸಬಹುದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದರು. ಒಂದು ಕೊಳವೆಯೂ ಗೋಡೆಯೊಳಗೆ ಹೋಗಬಾರದು ಎಂದಾಗ ಅವರಿಗೆ ಸಮಾಧಾನವಾಗಲಿಲ್ಲ. “ಪೈಪು ಕಾಣೋ ಹಾಗೆ ಬಿಟ್ರೆ ನಮ್ ಕೆಲಸಕ್ಕೆ ಮರ್ಯಾದೆ ಇರಲ್ಲ ಸರ್” ಎಂದರು. ಸ್ನಾನದ ಮನೆಯ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಉಪ್ಪುನೀರಿನ ಕೊಳವೆಯೊಳಗೆ ಸುಣ್ಣದ ಪದರ ಕಟ್ಟುತ್ತದೆ, ಪಾಚಿ ಬೆಳೆಯುತ್ತದೆ, ಎಳೆಯ ಬಸವನಹುಳುಗಳು ಸೇರಿಕೊಳ್ಳುತ್ತವೆ. ಪಂಪನ್ನು ಆಗಾಗ ಹೊರತೆಗೆದು ವಿನೆಗರ್‌ನಲ್ಲಿ ನೆನೆಸಿ ತೊಳೆಯಬೇಕಾಗುತ್ತದೆ. ಆದ್ದರಿಂದ ಪ್ರತಿ ಪಂಪಿನ ಪಕ್ಕ, ಪ್ರತಿ ವಾಲ್ವಿನ ಎರಡೂ ಬದಿ ಕೈಯಲ್ಲೇ ಬಿಚ್ಚುವ ಯೂನಿಯನ್ ಎಂಬ ಜೋಡಣೆ ಇರಬೇಕು, ಅದರ ಸುತ್ತ ಕೈ ಆಡುವಷ್ಟು ಜಾಗವೂ ಇರಬೇಕು. ಇದನ್ನು ವಿವರಿಸಿದ ಮೇಲೆ ಅವರು ಗೆರೆಗಳನ್ನು ತಾವೇ ಅಳಿಸಿ, ಸ್ಟ್ಯಾಂಡಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ತಮ್ಮ ಮೊಣಕೈ ಗೋಡೆಗೆ ತಾಗುತ್ತದೆಯೇ ಎಂದು ನೋಡಿದರು. ತಾಗಿತು. ಸ್ಟ್ಯಾಂಡನ್ನು ಹಿಂಗೋಡೆಯಿಂದ ಮತ್ತೆ 20 ಸೆಂ.ಮೀ. ದೂರಕ್ಕೆ ಗುರುತು ಮಾಡಿದೆವು.

ನೀರು ಇಳಿಯುವ ದಾರಿಗೆ ಹವ್ಯಾಸಿಗಳು ‘ಬೀನ್ ಅನಿಮಲ್’ ಎಂದು ಕರೆಯುವ ಮೂರು ಕೊಳವೆಗಳ ವ್ಯವಸ್ಥೆಯನ್ನು ಆರಿಸಿದ್ದೆ. ತೊಟ್ಟಿಯ ಹಿಂಬದಿಯ ಗಾಜಿನ ಮೇಲಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಕಟ್ಟೆ. ಅದನ್ನು ದಾಟಿದ ನೀರು ಹೊರಗಿನ ಪುಟ್ಟ ಪೆಟ್ಟಿಗೆಗೆ ಬಿದ್ದು, ಅಲ್ಲಿಂದ ಕೆಳಗಿನ ಸಂಪ್‌ಗೆ, ಅಂದರೆ ತೊಟ್ಟಿಗಿಂತ ಕೆಳಗೆ ಇಡುವ ಎರಡನೆಯ ಪುಟ್ಟ ತೊಟ್ಟಿಗೆ ಇಳಿಯುತ್ತದೆ; ಪಂಪು ಅದನ್ನು ಅಲ್ಲಿಂದ ಮತ್ತೆ ಮೇಲಕ್ಕೆ ಕಳಿಸುತ್ತದೆ. ಮೊದಲ ಕೊಳವೆಯಲ್ಲಿ ಗಾಳಿಯ ಸುಳಿವಿಲ್ಲದೆ ನೀರು ಪೂರ್ತಿ ತುಂಬಿ ಸೈಫನ್ ಆಗಿ ಹರಿಯುತ್ತದೆ, ಅದರ ವೇಗವನ್ನು ಗೇಟ್ ವಾಲ್ವಿನಿಂದ ಹದಗೊಳಿಸಬಹುದು. ಎರಡನೆಯದರಲ್ಲಿ, ಸೈಫನ್ ಒಯ್ಯಲಾರದೆ ಉಳಿದ ಅಲ್ಪ ನೀರು ಕೊಳವೆಯ ಒಳಗೋಡೆಗೆ ಅಂಟಿಕೊಂಡು ಜಾರುತ್ತದೆ. ಇವೆರಡಕ್ಕಿಂತ ಎತ್ತರದಲ್ಲಿ ಬಾಯಿ ತೆರೆದ ಮೂರನೆಯದು ಸದಾ ಒಣಗಿರುತ್ತದೆ, ಮೊದಲನೆಯದು ಕಟ್ಟಿಕೊಂಡ ದಿನ ಮಾತ್ರ ಕೆಲಸಕ್ಕೆ ಬರುತ್ತದೆ. ಒಂದೇ ದಪ್ಪ ಕೊಳವೆ ಹಾಕಿದರೆ ಖರ್ಚು ಕಡಿಮೆ, ನಿಜ. ಆದರೆ ಗಾಳಿಯೂ ನೀರೂ ಬೆರೆತು ಇಳಿಯುವಾಗಿನ ಗೊರಗೊರ ಸದ್ದು ಹಜಾರದವರೆಗೂ ಕೇಳುತ್ತದೆ. ಅದಕ್ಕೊಂದು ಕಸ ಸಿಕ್ಕಿದರೆ ನೀರಿಗೆ ಬೇರೆ ದಾರಿಯೇ ಇರುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಕರೆಂಟಿನ ಲೆಕ್ಕ. ನಮ್ಮ ಊರುಗಳಲ್ಲಿ ಪಂಪು ನಿಲ್ಲುವುದು ಅಪಘಾತವಲ್ಲ, ದಿನಚರಿ. ಪಂಪು ನಿಂತೊಡನೆ, ನೀರನ್ನು ಮೇಲಕ್ಕೆ ಒಯ್ಯುತ್ತಿದ್ದ ಕೊಳವೆಯೇ ಹಿಮ್ಮುಖವಾಗಿ ಸೈಫನ್ ಆಗಿ, ತನ್ನ ಬಾಯಿಯ ಮಟ್ಟದವರೆಗೂ ತೊಟ್ಟಿಯನ್ನು ಬರಿದು ಮಾಡುತ್ತದೆ. 150 ಸೆಂ.ಮೀ.ಗೆ 60 ಸೆಂ.ಮೀ. ಹರವಿನ ತೊಟ್ಟಿಯಲ್ಲಿ ಒಂದು ಸೆಂ.ಮೀ. ಎತ್ತರ ಎಂದರೆ 9 ಲೀಟರ್. ಕೊಳವೆಯ ಬಾಯಿ ಕಣ್ಣಿಗೆ ಬೀಳದಿರಲಿ ಎಂದು 20 ಸೆಂ.ಮೀ. ಆಳಕ್ಕೆ ಇಳಿಸಿದರೆ 180 ಲೀಟರ್ ಕೆಳಗೆ ಬರುತ್ತದೆ, ನಮ್ಮ 90×45×40 ಸೆಂ.ಮೀ. ಸಂಪ್ ಖಾಲಿಯಿದ್ದರೂ ಅದನ್ನು ಹಿಡಿಯಲಾರದು. ಬಾಯಿ ಮೇಲ್ಮಟ್ಟದಿಂದ 2 ಸೆಂ.ಮೀ. ಕೆಳಗಿದ್ದರೆ ಬರುವುದು 18 ಲೀಟರ್. ಹೊರಪೆಟ್ಟಿಗೆ ಮತ್ತು ಕೊಳವೆಗಳಲ್ಲಿರುವುದನ್ನು ಸೇರಿಸಿದರೂ 30 ಲೀಟರಿನ ಸುಮಾರು. ಪಂಪು ಓಡುವಾಗ ಸಂಪ್‌ನಲ್ಲಿ ನೀರು 22 ಸೆಂ.ಮೀ. ಇರುವಂತೆ ನೋಡಿಕೊಂಡರೆ ಮೇಲೆ 73 ಲೀಟರಿಗೆ ಜಾಗ ಉಳಿಯುತ್ತದೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಒಂದನ್ನು ಹಾಕಿಬಿಡೋಣ ಎಂದರು ಪ್ಲಂಬರ್. ಆ ವಾಲ್ವಿನ ರೆಕ್ಕೆಗೆ ಚೂರು ಸುಣ್ಣ ಕಟ್ಟಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ಸೈಫನ್ ಮುರಿಯಲೆಂದು ಕೊಳವೆಗೆ ಕೊರೆಯುವ ಸಣ್ಣ ರಂಧ್ರವೂ ಪಾಚಿಯಿಂದ ಮುಚ್ಚಿಹೋಗಬಹುದು. ರಂಧ್ರವನ್ನು ಕೊರೆಯಿಸುವುದೇ ಸರಿ, ಆದರೆ ಅದು ಇಲ್ಲವೆಂದೇ ಲೆಕ್ಕ ಹಾಕುವುದೆಂದು ಒಪ್ಪಿಕೊಂಡೆವು. ಕರೆಂಟು ಮರಳಿದಾಗ ಯಾರೂ ಮನೆಯಲ್ಲಿಲ್ಲದಿದ್ದರೂ ಸೈಫನ್ ತಾನಾಗಿ ಶುರುವಾಗಬೇಕಲ್ಲ. ಅದಕ್ಕಾಗಿ ಇಳಿಗೊಳವೆಯ ತುದಿ ಸಂಪ್‌ನ ನೀರಿನಲ್ಲಿ ಎರಡು ಮೂರು ಸೆಂ.ಮೀ.ಗಿಂತ ಆಳಕ್ಕೆ ಮುಳುಗಬಾರದು, ಇಲ್ಲವಾದರೆ ಒಳಗಿನ ಗಾಳಿ ಹೊರದೂಡಲ್ಪಡದೆ ಸಿಕ್ಕಿಕೊಳ್ಳುತ್ತದೆ.

ಊಟದ ನಂತರ ಸಾಮಾನಿನ ಪಟ್ಟಿಗೆ ಬಂದೆವು. ಪ್ಲಂಬರ್ ಮಾದರಿಗೆಂದು ತಂದಿದ್ದ ಚೀಲದಲ್ಲಿ ಒಳಗೆ ಹಿತ್ತಾಳೆಯ ಮರೆ (ತಿರುಪಿನ ಥ್ರೆಡ್) ಇರುವ ಸಿಪಿವಿಸಿ ಪ್ಲಾಸ್ಟಿಕ್ ಜೋಡಣೆಗಳೇ ಹೆಚ್ಚು. ಅವು ಗಟ್ಟಿಮುಟ್ಟಾದ ವಸ್ತುಗಳೇ. ಆದರೆ ಹಿತ್ತಾಳೆಯಲ್ಲಿ ತಾಮ್ರವಿದೆ, ಉಪ್ಪುನೀರು ಅದನ್ನು ಮೆಲ್ಲಗೆ ಕರಗಿಸುತ್ತದೆ, ಮೀನು ತಾಳಿಕೊಳ್ಳುವ ಪ್ರಮಾಣದ ತಾಮ್ರವೂ ಸೀಗಡಿ ಮತ್ತು ಬಸವನಹುಳುಗಳನ್ನು ಕೊಲ್ಲುತ್ತದೆ. (ಹವಳದ ಆಸೆ ನನಗಿರಲಿಲ್ಲ, ನಮ್ಮ ಕಡಲಿನ ಬಂಡೆಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.) ಹೀಗಾಗಿ ಮರೆಯೂ ಸೇರಿ ಎಲ್ಲವೂ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದ್ದೇ ಆಗಬೇಕು, ಲೋಹದ ಕ್ಲಾಂಪು ಕೂಡ ಬೇಡ ಎಂದು ಬರೆಸಿದೆ. ಅಳತೆಯ ವಿಷಯದಲ್ಲಿ ಎಚ್ಚರಿಸಿದವರು ಮಾತ್ರ ಅವರೇ: ಕೃಷಿಗೆ ಬಳಸುವ 32 ಮಿ.ಮೀ. ಕೊಳವೆಯೂ ಮನೆಗೆ ಬಳಸುವ ಒಂದಿಂಚಿನ ಕೊಳವೆಯೂ ನೋಡಲು ಒಂದೇ ಆದರೂ, ಎರಡನೆಯದರ ಹೊರವ್ಯಾಸ 33.4 ಮಿ.ಮೀ. ಇರುವುದರಿಂದ ಒಂದರ ಜೋಡಣೆ ಇನ್ನೊಂದಕ್ಕೆ ಕೂರುವುದಿಲ್ಲ. ಗಾಜಿಗೆ ರಂಧ್ರ ಕೊರೆಯುವ ಮುನ್ನ, ಆ ರಂಧ್ರದಲ್ಲಿ ಕೊಳವೆಯನ್ನು ಹಿಡಿದಿಡುವ ಟ್ಯಾಂಕ್ ಕನೆಕ್ಟರುಗಳು ಕೈಗೆ ಬಂದಿರಬೇಕೆಂದು ಅವರು ಹಟ ಹಿಡಿದದ್ದು ಇದೇ ಕಾರಣಕ್ಕೆ.

ಉಗ್ರಾಣದ ನೆಲದಲ್ಲಿ, ಚೆಲ್ಲಿದ ನೀರು ಹರಿದುಹೋಗಲು ನಹಾನಿ ಟ್ರ್ಯಾಪ್ ಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆ ಕೋಣೆಯಿಂದ ಹೊರಗೆ ಹೋಗುವ ಹಳೆಯ ಬಚ್ಚಲು ಕೊಳವೆಯೊಂದು ಇದ್ದೇ ಇತ್ತು. ಅವರು ಹಿತ್ತಿಲಿಗೆ ಹೋಗಿ ನೋಡಿ ಬಂದು, “ಇದು ಸೀದಾ ಬಾಳೆ ಬುಡಕ್ಕೆ ಹೋಗ್ತದೆ ಸರ್, ಉಪ್ಪು ನೀರು ಬಿಟ್ರೆ ಗಿಡ ಉಳಿಯಲ್ಲ” ಎಂದರು. ತೆಂಗಾಗಿದ್ದರೆ ಒಂದಿಷ್ಟು ಸಹಿಸಿಕೊಳ್ಳುತ್ತಿತ್ತೇನೋ. ನೀರು ಬದಲಿಸುವಾಗ ಪ್ರತಿ ಲೀಟರಿನ ಜೊತೆ 35 ಗ್ರಾಂ ಉಪ್ಪು ಹೊರಹೋಗುತ್ತದೆ, ಆದ್ದರಿಂದ ಹೊಸ ಕೊಳವೆ ಎಳೆದು ಒಳಚರಂಡಿಯ ಛೇಂಬರಿಗೆ ಸೇರಿಸುವುದೆಂದಾಯಿತು. ಉಗ್ರಾಣದ ಬಾಗಿಲಿಗೆ 5 ಸೆಂ.ಮೀ. ಎತ್ತರದ ಕಲ್ಲಿನ ಹೊಸ್ತಿಲು ಕೂರಿಸುವ ಸಲಹೆಯೂ ಅವರದೇ.

ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಅದನ್ನು ತುಂಬಲು ಶುದ್ಧೀಕರಿಸಿದ ಸಿಹಿನೀರು ಬೇಕು. ಆರ್‌ಒ ಯಂತ್ರದ ಕೊಳವೆಯನ್ನೇ ಫ್ಲೋಟ್ ವಾಲ್ವ್ ಮೂಲಕ ಸಂಪ್‌ಗೆ ಜೋಡಿಸುವುದು ಸುಲಭ, ಆದರೆ ಫ್ಲೋಟ್ ಸಿಕ್ಕಿಕೊಂಡರೆ ನೀರು ಬರುವುದಕ್ಕೆ ಕೊನೆಯೇ ಇಲ್ಲ. ಬದಲಿಗೆ 25 ಲೀಟರಿನ ಕ್ಯಾನ್ ಒಂದನ್ನು ನಡುವೆ ಇಟ್ಟು, ಅದನ್ನು ಕೈಯಲ್ಲೇ ತುಂಬಿಸುವುದೆಂದು ನಿಶ್ಚಯಿಸಿದೆವು. ಆ ಕ್ಯಾನಿನ ನೀರೆಲ್ಲ ಒಮ್ಮೆಲೇ ಬಿದ್ದರೂ, ವ್ಯವಸ್ಥೆಯ ಸುಮಾರು 600 ಲೀಟರ್ ನೀರಿನಲ್ಲಿ ಲವಣಾಂಶ ಲೀಟರಿಗೆ 35 ಗ್ರಾಂನಿಂದ 33.6 ಗ್ರಾಂಗೆ ಇಳಿಯುತ್ತದೆ, ಮೀನುಗಳು ಅದನ್ನು ತಡೆದುಕೊಳ್ಳುತ್ತವೆ. ಸಂಪ್‌ನಲ್ಲಿ ಉಳಿಸಿದ ಜಾಗಕ್ಕೆ, ಕರೆಂಟು ಹೋದಾಗ ಬರುವ 30 ಲೀಟರಿನ ಜೊತೆ ಇದೂ ಹಿಡಿಸುತ್ತದೆ.

ನೀರು ತಣಿಸುವ ಚಿಲ್ಲರ್ ಮಾತ್ರ ಕೊನೆಯವರೆಗೂ ತೊಡಕಾಗಿ ಉಳಿಯಿತು. ಏಪ್ರಿಲ್ ತಿಂಗಳಲ್ಲಿ ನೀರನ್ನು 26 ಡಿಗ್ರಿಯಲ್ಲಿಡಲು ಅದು ಬೇಕು. ಆದರೆ ಅದು ನೀರಿನಿಂದ ತೆಗೆದ ಬಿಸಿಯನ್ನು ಅದೇ ಮುಚ್ಚಿದ ಕೋಣೆಗೆ ಬಿಟ್ಟರೆ ಪ್ರಯೋಜನವಿಲ್ಲ. ಹಿಂಗೋಡೆಯಲ್ಲಿ ಹೊರಕ್ಕೆ ಇಳಿಜಾರಿರುವಂತೆ ತೋಳುಗೊಳವೆ (ಗೋಡೆಯ ತೂತಿಗೆ ಹಾಕುವ ದಪ್ಪ ಕೊಳವೆ) ಕೂರಿಸಿ, ಅದರೊಳಗಿನಿಂದ ಎರಡು ಕೊಳವೆಗಳನ್ನು ಸೂರಿನ ಕೆಳಗಿಡುವ ಚಿಲ್ಲರ್‌ಗೆ ಒಯ್ಯುವುದೆಂದು ಗುರುತು ಹಾಕಿದೆವು. ಅದೇ ಗೋಡೆಯ ಮೇಲ್ಭಾಗದಲ್ಲಿ ತೇವ ಹೊರಹಾಕಲು ಎಕ್ಸಾಸ್ಟ್ ಫ್ಯಾನ್ ಬರುತ್ತದೆ. ಹಜಾರದ ಕಡೆಯ ಚೌಕಟ್ಟನ್ನು ಬಡಗಿ ಮುಚ್ಚುವುದು, ಎಲ್ಲ ಜೋಡಣೆಗಳೂ ಒಂದು ವಾರ ಬರೀ ನಲ್ಲಿ ನೀರಿನಲ್ಲಿ ಓಡಿ, ದಿನಕ್ಕೆ ನಾಲ್ಕಾರು ಸಲ ಸ್ವಿಚ್ಚು ಆರಿಸಿ ಹಾಕಿ ನೋಡಿದ ಮೇಲೆಯೇ ಎಂದು ಹಾಳೆಯ ಕೆಳಗೆ ಬರೆದು, ಅದರ ಒಂದು ಪ್ರತಿಯನ್ನು ಪ್ಲಂಬರಿಗೂ ಇನ್ನೊಂದನ್ನು ಗಾಜಿನ ಅಂಗಡಿಗೂ ಕೊಟ್ಟೆ.