ಅರ್ಧ ಇಂಚಿನ ಲೆಕ್ಕ

ಸಿಂಕ್ ಕೆಳಗಿನ ಲೈನ್ ಬದಲಾಯಿಸೋಕೆ ಕೂತಿದೀನಿ. ಅರ್ಧ ಇಂಚಿನ ಸ್ಟೀಲ್ ಪೈಪಿಗೆ ಕ್ಯಾಲಿಪರ್ ಹಿಡಿದ್ರೆ ಹೊರ ವ್ಯಾಸ 21.3 ಮಿಲಿಮೀಟರ್! ಪೈಪಿನ ಅಳತೆ ನಾಮಮಾತ್ರದ್ದು, ಟ್ಯೂಬಿಗೆ ಸಾಮಾನ್ಯವಾಗಿ ಹೊರ ವ್ಯಾಸವೇ ಲೆಕ್ಕ. ಇದು ಹೋಗ್ಲಿ, ನಿಜವಾದ ತಲೆನೋವು ಥ್ರೆಡ್‌ದು. ಪೈಪ್ ಥ್ರೆಡ್‌ನಲ್ಲಿ ಅಮೆರಿಕದ ಮಾದರಿ ಎನ್‌ಪಿಟಿ, ಬ್ರಿಟಿಷ್ ಮಾದರಿ ಬಿಎಸ್‌ಪಿ; ಎರಡಕ್ಕೂ ಅರ್ಧ ಇಂಚಿನ ಸೈಜಲ್ಲಿ ಇಂಚಿಗೆ 14 ಸುತ್ತು. ಹಾಗಾಗಿ ಒಂದರೊಳಗೆ ಇನ್ನೊಂದು ಸಲೀಸಾಗಿ ತಿರುಗುತ್ತೆ. ಆದ್ರೆ ಹಲ್ಲಿನ ಕೋನ ಎನ್‌ಪಿಟಿದು 60 ಡಿಗ್ರಿ, ಬಿಎಸ್‌ಪಿದು 55. ಟೆಫ್ಲಾನ್ ಟೇಪನ್ನ ಪೇಟದ ಥರ ಸುತ್ತಿದ್ರೂ ಆ ಜಾಯಿಂಟ್ ನಂಬೋ ಹಾಗಿಲ್ಲ. ಕೂಡದೇ ಇರೋದು ಕೈಗೇ ಗೊತ್ತಾಗುತ್ತೆ, ಕೂಡಿದ ಹಾಗೆ ನಟಿಸೋದೇ ಕಾಟ (ಮನುಷ್ಯರಲ್ಲೂ ಇದ್ದಾರೆ ಬಿಡಿ). ಫಿಟಿಂಗ್ ತರೋಕೆ ಹೊರಟಾಗ ಹಳೇ ತುಂಡು ಜೇಬಲ್ಲೇ ಇರುತ್ತೆ.