ಹಾರ್ನ್ ಬೇಕೋ, ಏಸಿ ಬೇಕೋ: ಹಳೇ ಕಾರಲ್ಲಿ ಕಾಶಿಗೆ

ಬೆಂಗಳೂರಿನಿಂದ ಕಾಶಿಗೆ ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಮೇಕ್ರಿ ಸರ್ಕಲ್ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಸಾಕು, ಅರ್ಧ ದೇಶ ಒಂದೇ ರಸ್ತೆ. 2010ರಲ್ಲಿ ಹೆದ್ದಾರಿಗಳ ನಂಬರ್ ಬದಲಾಗುವ ತನಕ ಇದು ಎನ್‌ಎಚ್ 7. ವಾರಾಣಸಿಯಿಂದ ಕನ್ಯಾಕುಮಾರಿವರೆಗೆ 2,369 ಕಿಲೋಮೀಟರ್, ಆಗ ದೇಶದಲ್ಲೇ ಅತಿ ಉದ್ದದ ಹೆದ್ದಾರಿ. ಈಗ ಅದರ ಬಹುಪಾಲು ಎನ್‌ಎಚ್ 44.

ದೊಡ್ಡಮ್ಮನಿಗೆ ಕಾಶಿಗೆ ಹೋಗುವ ಆಸೆ ಬಹಳ ವರ್ಷದ್ದು. ವಿಮಾನ ಬೇಡ, ರೈಲು ಬೇಡ, ಕಾರಲ್ಲೇ ಕರ್ಕೊಂಡು ಹೋಗು ಎಂದು ಹಠ. ಭಾವ ಜೊತೆಗೆ ಬರಲು ಒಪ್ಪಿದರು. ಹುಬ್ಬಳ್ಳಿಯವರು, ಹಿಂದಿ ಚೆನ್ನಾಗಿ ಬರುತ್ತದೆ. ಹೊರಡುವ ಮುಂಚೆ ಕಾರನ್ನು ಗ್ಯಾರೇಜಿಗೆ ಬಿಟ್ಟಿದ್ದೆ. ಆಯಿಲ್, ಬ್ರೇಕ್ ಪ್ಯಾಡ್, ಕೂಲೆಂಟ್ ಎಲ್ಲಾ ಹೊಸದು. "ಕಣ್ಣು ಮುಚ್ಕೊಂಡು ಹೋಗಿ ಸಾರ್" ಎಂದರು. ಬಿಲ್ ನೋಡುವಾಗ ಮಾತ್ರ ಕಣ್ಣು ಬಿಡಬೇಕಾಯಿತು.

ಬೆಳಗಿನ ಜಾವ ಹೊರಟಿದ್ದರಿಂದ ಹೆಬ್ಬಾಳ ಖಾಲಿ. ಬಾಗೇಪಲ್ಲಿ ದಾಟುವಾಗ ಬೆಳಕಾಯಿತು. ಅನಂತಪುರ, ಗುತ್ತಿ ಕೋಟೆ, ಕರ್ನೂಲಿನಲ್ಲಿ ತುಂಗಭದ್ರೆ, ಹೈದರಾಬಾದಿನ ಹೊರವರ್ತುಲ ರಸ್ತೆ, ಎಲ್ಲಾ ಸಲೀಸು. ನಿರ್ಮಲ್ ಘಾಟಿಯಲ್ಲೂ ಕಾರು ಉಸಿರೆತ್ತಲಿಲ್ಲ.

ಪೈನಗಂಗಾ ನದಿ ದಾಟಿ ಮಹಾರಾಷ್ಟ್ರಕ್ಕೆ ಬಂದ ಮೇಲೆ ಒಂದು ಕಡೆ ರಸ್ತೆ ಕೆಲಸ ನಡೆಯುತ್ತಿತ್ತು. ಲಾರಿಗಳ ಹಿಂದೆ ನಿಂತಾಗ ಟೆಂಪರೇಚರ್ ಮುಳ್ಳು ಮೇಲೆದ್ದಿತು. ಕಾರು ಮುಂದೆ ಹೋಗುತ್ತಿದ್ದಂತೆ ತಾನಾಗಿಯೇ ಇಳಿಯಿತು. ನಾಗಪುರದ ಟ್ರಾಫಿಕ್‌ನಲ್ಲಿ ಮತ್ತೆ ಅದೇ ಆಟ. ಓಡಿದರೆ ತಣ್ಣಗೆ, ನಿಂತರೆ ಬಿಸಿ. ರೋಗ ಏನೆಂದು ಕಾರೇ ಹೇಳುತ್ತಿತ್ತು. ಕಾರು ಓಡುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಕೂಲೆಂಟ್ ಸೋರಿದ್ದರೆ ಓಡುವಾಗಲೂ ಬಿಸಿಯಾಗಬೇಕಿತ್ತು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನ ತಂಪಲ್ಲಿ ಇಂಥ ಕಾಯಿಲೆ ಎಷ್ಟೋ ದಿನ ಅಡಗಿ ಕೂರಬಹುದು. ಏಪ್ರಿಲ್‌ನ ವಿದರ್ಭದ ಬಿಸಿಲಲ್ಲಿ ಹಾಗೆ ಆಗಲ್ಲ.

ನಾಗಪುರದಿಂದ ಸಿವನಿಗೆ ಹೋಗುವ ದಾರಿ ಪೆಂಚ್ ಹುಲಿ ಕಾಡಿನ ಮಧ್ಯೆ ಹಾಯುತ್ತದೆ. ಪ್ರಾಣಿಗಳು ಕೆಳಗೆ ಓಡಾಡಲಿ ಅಂತ ರಸ್ತೆಯನ್ನೇ ಅಲ್ಲಲ್ಲಿ ಕಂಬಗಳ ಮೇಲೆ ಎತ್ತಿದ್ದಾರೆ. ಮಧ್ಯಪ್ರದೇಶದ ಕಡೆ, ಸದ್ದು ಮತ್ತು ಹೆಡ್‌ಲೈಟ್ ಬೆಳಕು ಕಾಡಿಗೆ ಹೋಗದಂತೆ ಎರಡೂ ಬದಿ ತಡೆಗೋಡೆ ಕಟ್ಟಿದ್ದಾರೆ. ನಿಜಕ್ಕೂ ಒಳ್ಳೆ ಕೆಲಸ. ಆದರೆ ಕಾರು ಕೆಡಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಆ ಕಾಡು ಮುಗಿಯುವಷ್ಟರಲ್ಲಿ ಮುಂದೆ ಯಾವುದೋ ಲಾರಿ ಕೆಟ್ಟು ಸಾಲು ನಿಂತಿತು. ಮುಳ್ಳು ಕೆಂಪು ಗೆರೆಗೆ ಹತ್ತಿರ ಬಂತು.

ಏಸಿ ಆರಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿದೆ. ಎಂಜಿನ್ನಿನ ಬಿಸಿಯನ್ನು ಒಳಗೆ ಎಳೆಯಲು ಇರುವುದು ಅದೊಂದೇ ದಾರಿ.

"ಏನೋ ಇದು, ಈ ಬಿಸಿಲಲ್ಲಿ ಹೀಟರಾ? ಕಾಶಿಗೆ ಮುಂಚೆನೇ ಮುಕ್ತಿ ಕೊಡಿಸ್ತೀಯೇನೋ?" ಎಂದರು ದೊಡ್ಡಮ್ಮ.

ಮುಳ್ಳು ಒಂದು ಕೂದಲೆಳೆಯಷ್ಟು ಇಳಿಯಿತು. ಸಾಲು ಕರಗಿದ ಮೇಲೆ ಅಗಲವಾದ ಜಾಗ ನೋಡಿ ನಿಲ್ಲಿಸಿ ಬಾನೆಟ್ ಎತ್ತಿದೆವು. ಭಾವ ನೀರಿನ ಬಾಟಲ್ ಹಿಡಿದು ರೇಡಿಯೇಟರ್ ಮುಚ್ಚಳದ ಕಡೆ ಕೈ ಚಾಚಿದರು. ಕೈ ಹಿಡಿದು ಎಳೆದೆ. ಒಳಗೆ ಒತ್ತಡದಲ್ಲಿ ಕುದಿಯುವ ಕೂಲೆಂಟ್ ಇರುತ್ತದೆ, ಮುಚ್ಚಳ ತೆಗೆದರೆ ಮುಖಕ್ಕೇ ಚಿಮ್ಮುತ್ತದೆ. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಬಹುದಿತ್ತು. ಆದರೆ ಕಾರು ತಣ್ಣಗಾದ ಮೇಲೆ ಓಡುತ್ತೆ ಅನ್ನುವ ನಂಬಿಕೆ ಇತ್ತು. ಚಕ್ಲಿ ಡಬ್ಬಿ ಖಾಲಿ ಮಾಡಿ, ಮತ್ತೆಲ್ಲೂ ನಿಲ್ಲದೆ ಸಿವನಿ ಸೇರಿದೆವು.

ಊರಾಚೆ ಬೇವಿನ ಮರದ ಕೆಳಗೆ ಒಬ್ಬ ಮುದುಕ ಮೆಕ್ಯಾನಿಕ್. ಮೊದಲು ಏಸಿ ಹಾಕಿಸಿದ. ನಮ್ಮ ಕಾರಲ್ಲಿ ಏಸಿ ಹಾಕಿದರೆ ಫ್ಯಾನ್ ತಿರುಗಲೇಬೇಕು. ತಿರುಗಲಿಲ್ಲ. ಫ್ಯೂಸ್ ನೋಡಿದ, ಸರಿ ಇತ್ತು. ಬ್ಯಾಟರಿಯಿಂದ ನೇರ ವೈರ್ ಕೊಟ್ಟ, ಫ್ಯಾನ್ ಭರ್ರನೆ ತಿರುಗಿತು. ಹಾಗಾದರೆ ಮೋಟಾರ್ ಸರಿ, ಹೋಗಿರುವುದು ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಡಬ್ಬಿ. ಕಿತ್ತು ನೋಡಿದರೆ ಒಂದು ಕಾಲು ಸುಟ್ಟಿತ್ತು. ಗ್ಯಾರೇಜಲ್ಲಿ ಅಷ್ಟೆಲ್ಲಾ ಬದಲಾಯಿಸಿದ್ದರು, ಏಸಿ ಹಾಕಿ ಒಂದು ನಿಮಿಷ ಫ್ಯಾನ್ ನೋಡಿರಲಿಲ್ಲ ಅನ್ಸುತ್ತೆ.

ಆ ರಿಲೇ ಅವನ ಹತ್ತಿರ ಇರಲಿಲ್ಲ. ಜಬಲ್ಪುರದಲ್ಲಿ ಸಿಗುತ್ತೆ ಎಂದ. ಸುಮ್ನೆ ಕೂರಲಿಲ್ಲ, ನಮ್ಮ ಕಾರಿನ ರಿಲೇ ಪೆಟ್ಟಿಗೆಯಲ್ಲಿದ್ದ ಬೇರೆ ರಿಲೇಗಳ ಮೇಲಿನ ನಂಬರ್ ಓದಿದ. ಎರಡು ಹೊಂದುತ್ತಿದ್ದವು. ಒಂದು ಹಾರ್ನಿನದು, ಒಂದು ಏಸಿಯದು. ಯಾವುದು ಕೀಳಲಿ ಎಂದು ಕೇಳಿದ.

"ಏಸಿ ಹೋಗ್ಲಿ ಬಿಡಪಾ" ಎಂದರು ಭಾವ.

"ಹಾರ್ನ್ ಯಾಕೆ ಬೇಕು? ಇಡೀ ದಿನ ಪೀಂ ಪೀಂ ಅಂತ ತಲೆ ತಿಂತೀರಿ" ಎಂದರು ದೊಡ್ಡಮ್ಮ.

ಆವತ್ತಿನ ಬಿಸಿಲು ದೊಡ್ಡಮ್ಮನ ಪಕ್ಷಕ್ಕಿತ್ತು. ಹಾರ್ನ್ ರಿಲೇ ಫ್ಯಾನಿನ ಜಾಗಕ್ಕೆ ಹೋಯಿತು. ಅವನು ಕೇಳಿದ್ದು ನೂರು ರೂಪಾಯಿ.

ಹಾರ್ನ್ ಇಲ್ಲದೆ ಆ ಕಡೆ ಗಾಡಿ ಓಡಿಸುವುದು ಏನೆಂದು ಹೊರಟ ಸ್ವಲ್ಪ ಹೊತ್ತಿಗೇ ಗೊತ್ತಾಯಿತು. ಪ್ರತಿ ಲಾರಿಯ ಹಿಂದೆ ಹಾರ್ನ್ ಮಾಡಿ ಅಂತ ದೊಡ್ಡದಾಗಿ ಬರೆದಿರುತ್ತೆ, ನಮ್ಮ ಹತ್ತಿರ ಹೆಡ್‌ಲೈಟ್ ಮಿಣುಕಿಸುವುದು ಬಿಟ್ಟು ಏನೂ ಇಲ್ಲ. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ "ಭಾಯೀ ಸಾಬ್!" ಎಂದು ಕೂಗುತ್ತಿದ್ದರು. ಲಖನಾದೌನ್ ಹತ್ತಿರ ಎಮ್ಮೆ ಹಿಂಡು ರಸ್ತೆಗೆ ಬಂತು. ಅವು ಭಾವನ ಹಿಂದಿಗೂ ಜಗ್ಗಲಿಲ್ಲ, ಕನ್ನಡಕ್ಕೂ ಜಗ್ಗಲಿಲ್ಲ. ಅಷ್ಟರಲ್ಲಿ ತಿರುವಿನಿಂದ ಒಂದು ಬೈಕ್ ರಾಂಗ್ ಸೈಡಲ್ಲಿ ಬಂದು ನಮ್ಮ ಬಂಪರಿಗೆ ಒಂದು ಮೊಳ ಬಿಟ್ಟು ನಿಂತಿತು.

ದೊಡ್ಡಮ್ಮ ಮೊಣಕೈಲಿ ತಿವಿದರು. "ಏಸಿ ಕಿತ್ತು ಹಾಕು. ಮೊದಲು ಹಾರ್ನ್ ಹಾಕೋ."

ಮುದುಕ ಮಾಡಿದ್ದನ್ನು ನೋಡಿದ್ದೆನಲ್ಲ, ಎಂಜಿನ್ ಆರಿಸಿ ನಾನೇ ಏಸಿ ರಿಲೇ ಕಿತ್ತು ಹಾರ್ನಿನ ಜಾಗಕ್ಕೆ ಒತ್ತಿದೆ. ಬೆವರು ಸುರಿಸುತ್ತಾ ತಿಲ್ವಾರಾ ಘಾಟಿನ ಹತ್ತಿರ ನರ್ಮದೆ ದಾಟಿದೆವು. ದೊಡ್ಡಮ್ಮ ಒದ್ದೆ ಸೆರಗನ್ನು ತಲೆ ಮೇಲೆ ಹೊದ್ದುಕೊಂಡೇ ನದಿಗೆ ಕೈ ಮುಗಿದರು. ಜಬಲ್ಪುರದ ಬಿಡಿಭಾಗಗಳ ಅಂಗಡಿಯಲ್ಲಿ ರಿಲೇ ಸಿಕ್ಕಿತು. ಒಂದು ಹಾಕಿಸಿ, ಇನ್ನೊಂದನ್ನು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಂಡೆವು. ಎರಡೂ ಸೇರಿ ಆ ರಾತ್ರಿಯ ಊಟದ ಬಿಲ್‌ಗಿಂತ ಕಡಿಮೆ.

ಕಟ್ನಿ, ಮೈಹರ್, ರೀವಾ, ಪ್ರಯಾಗರಾಜ್ ಯಾವ ತಕರಾರೂ ಇಲ್ಲದೆ ಹಿಂದೆ ಸರಿದವು. ಕಾಶಿಯಲ್ಲಿ ಮಾತ್ರ ಕಾರಿಗೆ ಕೆಲಸವೇ ಇರಲಿಲ್ಲ. ಹಳೇ ಊರಿನ ಗಲ್ಲಿಗಳಿಗೆ ಅದು ಹಿಡಿಸಲ್ಲ. ದೂರದ ಪಾರ್ಕಿಂಗಿನಲ್ಲಿ ಬಿಟ್ಟು, ಗೋದೌಲಿಯಾದಿಂದ ಜಂಗಮವಾಡಿ ಮಠದ ಕಡೆಗೆ ನಡೆದೆವು. ಹಿಂದಿನಿಂದ ಬೈಕುಗಳ ಹಾರ್ನ್ ಒಂದೇ ಸಮ. ದೊಡ್ಡಮ್ಮ ಈ ಸಲ ಏನೂ ಅನ್ನದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.